ಹರಗೋಲಿನ ಪಾಳಿ

ನನ್ನ ಬಲಗೈ ನೋಡಿದವರೆಲ್ಲ ಒಂದೇ ಮಾತು ಕೇಳ್ತಾರ. "ಯಾಕವ್ವಾ, ಕೈ ಪೂರಾ ಬಿಚ್ಚಂಗಿಲ್ಲೇನು?" ಬಿಚ್ಚಂಗಿಲ್ಲ. ಏನೀಗ? ಬಸ್ಸಿನ್ಯಾಗ ಬಾಜೂಕ ಕುಂತವರು ಕೇಳ್ತಾರ, ಮದುವಿ ಮನ್ಯಾಗ ಅಕ್ಕಿಕಾಳು ಹಂಚೋರು ಕೇಳ್ತಾರ. ಒಮ್ಮೆ ಒಬ್ಬ ಪೂಜಾರಿ ಪ್ರಸಾದ ಕೊಡೂಮುಂದ, "ಬಲಗೈ ನೆಟ್ಟಗ ಒಡ್ಡು," ಅಂದ. "ಇರೂದು ಇದೇ ಬಲಗೈ. ಕೊಡೂದಿದ್ರ ಕೊಡು, ಇಲ್ಲಂದ್ರ ದೇವ್ರಿಗೇ ವಾಪಸ್ ಇಡು," ಅಂದೆ. ಪಾಪ, ಕೊಟ್ಟ.

ಕೈ ಕತಿ ಕೇಳಿದವರು ಬೆಂಕಿ ಸುದ್ದಿ ಕೇಳಿ, ಚ್ಚು ಚ್ಚು ಅಂದು, ಎದ್ದು ಹೋಗ್ತಾರ. ಬೆಂಕಿ ಅದ್ರಾಗ ಅರ್ಧಾನೂ ಅಲ್ಲ. ಉಳಿದದ್ದು ಯಾದಗಿರಿ ಟೇಸನ್ ಬಲ್ಲಿ ಹತ್ತಿ ಗೋದಾಮಿನ ಮುಂದ ನಡೆದದ್ದು. ಅದನ್ನ ಯಾರೂ ಕೇಳಂಗಿಲ್ಲ, ಅದಕ್ಕ ನಾನೇ ಹೇಳ್ತೀನಿ.

ನಮ್ಮದು ಯಾದಗಿರಿ ಕೆಳಗ ಭೀಮಾ ಹೊಳಿ ದಂಡಿ ಮ್ಯಾಲಿನ ಊರು. ನಾವು ಅಂಬಿಗರು. ಬಿದಿರಿನ ದೊಡ್ಡ ದುಂಡನ ಬುಟ್ಟಿ ಹೆಣದು, ಹೊರಗ ಎಮ್ಮಿ ಚರ್ಮ ಬಿಗದ್ರ ಅದು ಹರಗೋಲು. ಅದನ್ನ ನಡಸೂ ಕಟಗಿ ಹುಟ್ಟು. ಅವ್ವ ನನ್ನ ಹಡದು ಹೋದ್ಳು. ಮನ್ಯಾಗ ಅಪ್ಪ ಇದ್ದ, ಅಪ್ಪನ ಅವ್ವ ಇದ್ಳು. ಆಕಿಗಿ ನಾ ಆಯಿ ಅಂತಿದ್ದೆ. ಆಯಿ ಬಾಯಿ ಭಾಳ ಜೋರು. ಈ ದಂಡ್ಯಾಗ ನಿಂತು ಬೈದ್ರ ಆ ದಂಡ್ಯಾಗ ಅರಬಿ ಒಗಿಯೋರು ತಿರುಗಿ ನೋಡ್ತಿದ್ರು.

ನಮ್ಮ ಹರಗೋಲಿಗಿ ಒಂದು ಕಾನೂನು ಇತ್ತು. ದಂಡಿಗಿ ಮೊದಲ ಬಂದವರು ಮೊದಲ ಹತ್ತಬೇಕು. ಪಟೇಲ ಬಂದ್ರೂ ಅಷ್ಟೇ, ಕಸ ಕೀಳೂ ಕೂಲ್ಯಾಕಿ ಬಂದ್ರೂ ಅಷ್ಟೇ. ಹೆರಿಗಿ ಬ್ಯಾನಿ ಹತ್ತಿದಾಕಿಗಿ ಮತ್ತ ಹೆಣಕ್ಕ, ಎರಡಕ್ಕ ಮಾತ್ರ ಪಾಳಿ ಇದ್ದಿಲ್ಲ. ಬಿಸಲಾಗ ನಿಲ್ಲೂದು ಯಾಕ ಅಂತ ಮಂದಿ ತಮ್ಮ ತಮ್ಮ ಸಾಮಾನು ಪಾಳ್ಯಾಗ ಇಟ್ಟು ಬೇವಿನ ಗಿಡದ ನೆರಳಿಗಿ ಕೂಡ್ತಿದ್ರು. ಬುಟ್ಟಿ, ಚಪ್ಪಲಿ, ಗಂಟು, ಏನೂ ಇಲ್ಲಂದ್ರ ಒಂದು ಕಲ್ಲು. ಇಟ್ಟ ಸಾಮಾನು ಅಂದ್ರ ಇಟ್ಟ ಮನಷ್ಯಾನೇ. ಇನ್ನೊಬ್ಬರ ಕಲ್ಲು ಸರಿಸಿದವನನ್ನ ಅಪ್ಪ ಆವತ್ತ ದಾಟಸ್ತಿದ್ದಿಲ್ಲ.

ನಿಜಾಮನ ರಾಜ್ಯ ಮುರದು ಹಿಂದೂಸ್ತಾನದಾಗ ಕೂಡೂದಕ್ಕಿಂತ ಹಿಂದಿನ ವರ್ಷ ಅದು. ನಮ್ಮ ಕಡಿ ಅದಕ್ಕ ಇನ್ನೂ ಗಲಾಟಿ ವರ್ಷ ಅಂತಾರ. ಬಂದೂಕು ಕತ್ತಿ ಹಿಡದ ಪುಂಡರು ಊರೂರು ತಿರಗತಿದ್ರು. ಮಂದಿ ಕೂಸು ಕುನ್ನಿ ಕಟಗೊಂಡು, ಹೊಳಿ ದಾಟಿ ಸರಹದ್ದಿನ ಆಚಿ ಸೀಮಿಗಿ ಓಡ್ತಿದ್ರು. ಅಪ್ಪ ದಾಟಸ್ತಿದ್ದ. ಒಂದು ಮಧ್ಯಾಹ್ನ ಆ ಪುಂಡರು ನಮ್ಮ ದಂಡಿಗೇ ಬಂದು ನಿಂತ್ರು. "ಹತ್ತೋರ ಹೆಸರು, ಜಾತಿ ಕೇಳು. ನಾವು ಹೂಂ ಅಂದವರನ್ನ ಅಷ್ಟೇ ದಾಟಸು," ಅಂದ್ರು. ಅಪ್ಪ ಅಂದ, "ನಮ್ಮ ಮುತ್ಯಾ ಕೇಳಿಲ್ಲ, ನಮ್ಮಪ್ಪ ಕೇಳಿಲ್ಲ. ನನಗ ಕೇಳಾಕ ಬರಂಗಿಲ್ರಿ."

ಅಷ್ಟಕ್ಕೇ ಹೊಡದ್ರು. ಗುಡಿಸಲಿಗಿ ಬೆಂಕಿ ಹಚ್ಚಿದ್ರು, ಹರಗೋಲಿಗೂ ಹಚ್ಚಿದ್ರು. ಎಣ್ಣಿ ಕುಡದ ಚರ್ಮ, ಧಗ್ ಅಂತ ಹತ್ತಿತು. ಅಪ್ಪನ ಹುಟ್ಟು ಅದ್ರಾಗೇ ಇತ್ತು. ನಾ ಓಡಿ ಹೋಗಿ ಅದರ ಹಿಡಿಕಿ ಹಿಡದು ಜಗ್ಗಿದೆ. ಉರಿಯೂ ಚರ್ಮ ಹುಟ್ಟಿನ ಕೂಡ ಬಂದು ಅಂಗೈಗಿ ಹತ್ತಿಕೊಂತು. ಎಲ್ಲಾರೂ "ಬಿಡು, ಬಿಡು" ಅಂತ ಒದರಾಕತ್ತಿದ್ರು. ನಾ ಬಿಡಲಿಲ್ಲ. ಆವಾಗ ನನಗ ಹನ್ನೆರಡೋ ಹದಿಮೂರೋ ಇರಬೇಕು. ಅರ್ಧ ಸುಟ್ಟ ಹುಟ್ಟು ಉಳೀತು, ಅಪ್ಪ ಉಳೀಲಿಲ್ಲ.

ಗಾಯ ಮಾಯೂ ಹೊತ್ತಿಗಿ ಕೈ ಮುಷ್ಟಿ ಆಗಿತ್ತು. ಬೆರಳು ಅಂಗೈಗಿ ಕೂಡಿ, ಹೆಬ್ಬಟ್ಟು ಅವುಗಳ ಮ್ಯಾಲ ಮಲಗಿಬಿಟ್ಟಿತ್ತು. ಆಯಿ ನೋಡಿದ್ಳು, ತಿರುಗಿಸಿ ನೋಡಿದ್ಳು, "ಇಷ್ಟೇನಾ!" ಅಂದ್ಳು. ಬ್ಯಾಸಗ್ಯಾಗ ಹರಗೋಲಿನ ಚರ್ಮ ಒಣಗಿ ಮುದುಡ್ತದಲ್ಲ, ಅದಕ್ಕ ನಾವು ನೀರಾಗ ನೆನಸಿ, ಔಡಲ ಎಣ್ಣಿ ತಿಕ್ಕಿ, ಮ್ಯಾಲ ಕಲ್ಲು ಹೇರಿ ಇಡ್ತೀವಿ. ಮತ್ತ ಹಿಗ್ಗತದ. ನನ್ನ ಕೈಗೂ ಆಯಿ ಅದನ್ನೇ ಮಾಡಿದ್ಳು. ಹೊಳ್ಯಾಗ ನೆನಸಿದ್ಳು, ಎಣ್ಣಿ ತಿಕ್ಕಿದ್ಳು, ಬೆರಳು ಎಳದು ಬಿಚ್ಚಿ ಮ್ಯಾಲ ಬೀಸೂ ಕಲ್ಲಿನ ತುಂಡು ಇಟ್ಳು. ಯವ್ವಾ ಶಿವನ! ನಾ ಒದರಿದ್ದು ನಮ್ಮ ಕುಲದೇವ್ರಿಗಿ ಕೇಳಿರಬೇಕು. ಮಾಯ್ದ ಗಾಯ ಹರೀತು, ಮತ್ತ ಮಾಯ್ತು, ಮೊದಲಿಗಿಂತ ಗಟ್ಟಿ ಆಗಿ ಕುಂತಿತು. ಚರ್ಮ ಅಂದ್ರ ಚರ್ಮ ಅಂತ ತಿಳದಿದ್ಳು ಮುದುಕಿ. ಅಂಬಿಗರನ್ನ ಬಿಟ್ಟು ಇನ್ನ್ಯಾರೂ ಆ ತಪ್ಪು ಮಾಡತಿದ್ದಿಲ್ಲ.

ಆಮ್ಯಾಲ ಹಿಂದೂಸ್ತಾನದ ಫೌಜು ಬಂತು, ಪೋಲೀಸ್ ಆಕ್ಷನ್ ಆತು. ಪುಂಡರು ದಿಕ್ಕಾಪಾಲು ಓಡಿದ್ರು. ಈಗರ ಬೆಂಕಿ ಆರೀತು ಅಂದ್ರ, ಬ್ಯಾರೆ ಕಡೀಂದ ಹತ್ತಿತು. ಯಾರೋ ಮಾಡಿದ್ದಕ್ಕ ಇನ್ನ್ಯಾರದೋ ಮನಿ. ಮೊದಲ ಅವರು ಇವರ ಮನಿ ಸುಟ್ರು, ಈಗ ಇವರು ಅವರ ಮನಿ ಸುಟ್ರು. ಸುಟ್ಟ ಮನಿ ವಾಸನಿ ಎರಡೂ ಕಡಿ ಒಂದೇ.

ಊರಿನ ಹಿರ್ಯಾರು ಆಯಿನ ಕರದು ಹೇಳಿದ್ರು, "ಮುಂದಿನ ಮಳಿಗಾಲಕ್ಕ ಹೊಳಿ ತುಂಬೂದ್ರಾಗ ನಿಮ್ಮ ಮನ್ಯಾಗಿಂದ ಹುಟ್ಟು ಹಿಡಿಯೋರು ಒಬ್ಬರು ಬೇಕು. ಇಲ್ಲಂದ್ರ ಈ ದಂಡಿ ಕೆಳಗಿನ ಊರಿನ ಅಂಬಿಗರಿಗಿ ಕೊಡ್ತೀವಿ." ಆಯಿ ಭುಜ ಮುದಿ ಆಗಿತ್ತು. ಉಳಿದಾಕಿ ನಾನು. ನನ್ನ ಕೈ ಮುಷ್ಟಿ. ಕೈ ಬಿಚ್ಚಿದ್ರ ದಂಡಿ ನಮ್ಮದು, ಬಿಚ್ಚಲಿಲ್ಲಂದ್ರ ಕಂಡವರ ಹೊಲದಾಗ ಕೂಲಿ. ಇಷ್ಟೇ ಲೆಕ್ಕ.

ಗುಡಿಸಲು ಇಲ್ಲ, ಹರಗೋಲು ಇಲ್ಲ. ನಾನೂ ಆಯಿನೂ ಯಾದಗಿರಿಗಿ ಬಂದು ಧರ್ಮಶಾಲ್ಯಾಗ ಬಿದ್ವಿ. ಅಲ್ಲಿ ನಮ್ಮಂಥಾವ್ರೇ ತುಂಬಿದ್ರು. ಸುರಪುರದವರು ಇದ್ರು, ದೇವಾಪುರದ ಒಕ್ಕಲಿಗರು ಇದ್ರು, ಮತ್ತ ಶಹಾಪುರದ ಒಬ್ಬ ಬಳಿಗಾರಕಿ ಇದ್ಳು, ಮುಸಲ್ಮಾನರ ಹೆಣ್ಣಮಗಳು. ಆಕಿಗಿ ನಾ ಚಾಚಿ ಅಂತಿದ್ದೆ. ಹೆಗಲಿಗಿ ಬಳಿ ಮಲಾರ ಹಾಕ್ಕೊಂಡು, ಅಂದ್ರ ಹಗ್ಗಕ್ಕ ಪೋಣಿಸಿದ ಬಳಿ ಗೊಂಚಲು, ನಮ್ಮ ಹರಗೋಲು ಹತ್ತಿ ಊರೂರು ತಿರುಗಿದಾಕಿ. ಎರಡನೇ ಬೆಂಕ್ಯಾಗ ಮನಿ ಗ್ವಾಡಿ ಕಾಲ ಮ್ಯಾಲ ಬಿದ್ದಿತ್ತು. ಮೊಣಕಾಲ ಕೆಳಗ ಎಲುಬು ಮುರದು, ಒಳಗಿಂದ ಕೀವು ಸುರೀತಿತ್ತು. ಮಲಾರದಾಗ ಈಗ ಬಳಿ ಇದ್ದಿಲ್ಲ, ಬರೇ ಹಗ್ಗ.

ಆಯಿಗೂ ಚಾಚಿಗೂ ದಿನಾ ಜಗಳ. ಒಲಿ ಕಲ್ಲಿಗಿ ಜಗಳ, ಕೊಡದ ನೀರಿಗಿ ಜಗಳ. "ನಿನ್ನ ಹೊಗಿ ನನ್ನ ಕಣ್ಣಾಗೇ ಬರಬೇಕೇನ?" ಅಂತ ಆಯಿ. "ಗಾಳಿಗಿ ಹೇಳವ್ವಾ, ನನಗ ಹೇಳಬ್ಯಾಡ," ಅಂತ ಚಾಚಿ. ಹಳೇ ಬಾಕಿ ಬ್ಯಾರೆ ಇತ್ತು: ಯಾವಾಗೋ ಚಾಚಿ ಇಡಿಸಿದ ಹಸರ ಬಳಿ ಹಬ್ಬದ ದಿನಾನೇ ಒಡದಿದ್ವಂತ. ಅದನ್ನ ಆಯಿ ಮರತಿದ್ದಿಲ್ಲ. ಇಬ್ಬರೂ ಗೆಳತ್ಯಾರು ಅಂತ ತಿಳಕೋಬ್ಯಾಡ್ರಿ ಮತ್ತ. ಬಿಲ್ಕುಲ್ ಅಲ್ಲ.

ಅಷ್ಟರಾಗ ಸುದ್ದಿ ಬಂತು. ದೂರದ ದೊಡ್ಡ ಶಹರದ ಸೇಠಗೋಳು ಚಂದಾ ಕೂಡಿಸ್ಯಾರ, ಮನಿ ಮಾರು ಕಳಕೊಂಡವರಿಗಿ ಫುಕಟ ಆಪರೇಶನ್ ಮಾಡಸ್ತಾರ, ಡಾಕ್ಟರ್ ರೈಲಿಗಿ ಬಂದಾನ ಅಂತ. ಟೇಸನ್ ಬಾಜೂಕ ಹತ್ತಿ ಗೋದಾಮು ಖಾಲಿ ಮಾಡಿ, ಸುಣ್ಣ ಹೊಡದು, ನಡುವ ಉದ್ದನ ಮೇಜು ಹಾಕಿದ್ರು. ಡಾಕ್ಟರ್ ಧಾರವಾಡ ಕಡಿಯಾಂವ. ತೆಳ್ಳನ ಮನಷ್ಯಾ, ಮಾತು ಕಡಿಮಿ. ಮೊದಲ ಎಲ್ಲಾರ್ನೂ ಒಮ್ಮೆ ನೋಡಿದ. ಚಾಚಿ ಕಾಲು ಒತ್ತಿ, "ಇದು ತಡಾ ಆದ್ರ ಕಾಲೇ ಹೋದೀತು," ಅಂದ. ನನ್ನ ಮುಷ್ಟಿ ಹಿಡದು, "ತೊಡಿ ಚರ್ಮ ತಗದು ಅಂಗೈಗಿ ಹಚ್ಚಬೇಕು. ಆಗ್ತದ," ಅಂದ. ಆಗ್ತದ! ಆ ಒಂದು ಮಾತಿಗಿ ನಾ ಗೋದಾಮಿಂದ ಧರ್ಮಶಾಲಾ ತನಕ ಕುಣಕೋಂತ ಬಂದೆ.

ಮರುದಿನ ಗೋದಾಮಿನ ಮುಂದ ಪಾಳಿ. ಹೊಳಿ ದಂಡಿಯವರು ಸುಮಾರು ಮಂದಿ ಇದ್ರು, ಅದಕ್ಕ ಯಾರೂ ಹೇಳದೇ ಅದೇ ಪದ್ಧತಿ ಬಂತು. ಸಾಮಾನು ಇಟ್ಟು ನೆರಳಿಗಿ ಕುಂತ್ವಿ. ಚಾಚಿ ಕುಂಟಕೋಂತ ನಮಗಿಂತ ಮೊದಲ ಬಂದಿದ್ಳು. ಆಕೀದು ಮಲಾರದ ಹಗ್ಗ. ಅದರ ಹಿಂದ ನಮ್ಮ ಅರ್ಧ ಸುಟ್ಟ ಹುಟ್ಟು.

ಸೇಠನ ಮುನೀಮ ಒಬ್ಬ ಇದ್ದ. ಸಾಮಾನು ಸರಂಜಾಮು, ಒಳಗ ಬಿಡೂದು ಹೊರಗ ಹಾಕೂದು ಎಲ್ಲಾ ಅವನ ಕೈಯಾಗೇ. ಬಿಳಿ ಧೋತರ, ಕರಿ ಟೊಪಗಿ. ಪಾಳಿ ನೋಡಕೋಂತ ಬಂದು ಮಲಾರದ ಮುಂದ ನಿಂತ. "ಇದು ಯಾರದು?" ಅಂದ. ಚಾಚಿ ಕೈ ಎತ್ತಿದ್ಳು. ಆಂವ ಆಕಿ ಮುಖ ನೋಡಿದ, ಕುಪ್ಪಸ ನೋಡಿದ, ಕಾಲೊಂದು ಬಿಟ್ಟು ಎಲ್ಲಾ ನೋಡಿದ. "ಈ ಚಂದಾ ನಿಮ್ಮಂಥಾವ್ರಿಗಲ್ಲ. ನಿಮ್ಮವರ ಕೈಯಾಗ ಹಾಳಾದವರಿಗಿ," ಅಂದು ಹಗ್ಗ ಎತ್ತಿ ಅತ್ಲಾಗ ಒಗದ. ಚಾಚಿ ಎತ್ತಿದ ಕೈ ಇಳಿಸಿದ್ಳು.

ಆಯಿ ಎದ್ಳು. ಸೀರಿ ಸೆರಗು ಸಿಗಿಸಿ, ಹೋಗಿ ಹಗ್ಗ ಎತಗೊಂಡು ಬಂದ್ಳು. ಮಣ್ಣು ಝಾಡಿಸಿ, ಇದ್ದ ಜಾಗಕ್ಕೇ ಇಟ್ಳು.

"ಏ ಮುದುಕಿ, ಏನು ಮಾಡಾಕತ್ತಿ?" ಅಂದ ಮುನೀಮ.

"ಮೊದಲ ಬಂದವರು ಮೊದಲ ಹತ್ತತಾರ್ರಿ," ಅಂದ್ಳು ಆಯಿ.

"ಇದೇನು ನಿನ್ನ ಹರಗೋಲಾ?"

"ಎಲ್ಲಾ ಹರಗೋಲೇರಿ."

ಮುನೀಮಗ ನಗಿ ಬಂತು. "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ಳಂತ!" ಅಂದ, ಸುತ್ತ ನಿಂತವರ ಮುಖ ನೋಡಿ.

"ಹಾಕ್ತೀನಿ ಮೊಳ," ಅಂದ್ಳು ಆಯಿ. "ಉಡಾಕಿ ನಾನು. ನಾ ಹಾಕಲಾರದ ಇನ್ನ್ಯಾರು ಹಾಕಬೇಕು? ಆಕಿ ಹಗ್ಗಕ್ಕ ಕೈ ಹಚ್ಚಬ್ಯಾಡ್ರಿ."

"ಹಂಗಾದ್ರ ನೀನೂ ಹೊರಗ. ನಿನ್ನ ಮೊಮ್ಮಗಳೂ ಹೊರಗ."

ನಾ ಆಯಿ ಸೆರಗು ಹಿಡದು ಜಗ್ಗಿ ಒದರಿದೆ, "ನಿನ್ನ ಪಾಳಿ ಹೊಳ್ಯಾಗ ಹೋಗಲಿ! ನಿನಗ್ಯಾಕ ಬೇಕು ಊರ ಉಸಾಬರಿ? ಕೈ ನಂದು!"

ಆಯಿ ನನ್ನ ಹೊಡೀತಾಳ ಅಂತ ತಿಳದೆ. ಹೊಡೀಲಿಲ್ಲ. "ಕೈ ನಿಂದು, ಖರೆ. ಪಾಳಿ ಆಕೀದು," ಅಂದ್ಳು. ಆಮ್ಯಾಲ ಸಣ್ಣಗ ಅಂದ್ಳು, "ನಿಮ್ಮಪ್ಪ ಯಾತಕ್ಕ ಸತ್ತ, ಮರತೇನ?" ಚಾಚಿ ಬಾಜೂಕ ಹೋಗಿ ನೆಲಕ್ಕ ಕುಂತ್ಳು. ಚಾಚಿ, "ನಿನಗ ತಲಿ ಕೆಟ್ಟದ. ಕೂಸಿನ ಕೈ ನೋಡು," ಅಂದ್ಳು. "ನೀ ಸುಮ್ಮ ಕೂಡು, ನಿನಗ ಕೇಳಿಲ್ಲ," ಅಂತ ಆಯಿ ಆಕಿಗೂ ಬೈದ್ಳು.

ನಾ ಅವರ ಬಲ್ಲಿ ಹೋಗಲಿಲ್ಲ. ಗ್ವಾಡಿ ಮರೀಗಿ ನಿಂತು ಅಳಾಕತ್ತಿದ್ದೆ. ಅಷ್ಟೊತ್ತಿಗಿ ಮುನೀಮ ಬಂದ, ದನಿ ಮೆತ್ತಗ ಮಾಡಿಕೊಂಡು. "ಏ ಹುಡುಗಿ, ನೀ ಒಬ್ಬಾಕಿ ಬಾ ಒಳಗ. ಸೇಠಜೀ ಬಂದಾರ, ಫೋಟೋ ತಗಸ್ತಾರ. ನಿಂದು ಇವತ್ತೇ ಮಾಡಸ್ತೀನಿ."

ಹೋದೆ. ಯಾಕ ಹೋಗಬಾರದು? ತನ್ನ ಕೈ ತನಗ ಬೇಕು ಅನ್ನೂದು ಪಾಪ ಆದ್ರ, ಆ ಪಾಪ ನಾ ಇನ್ನೊಮ್ಮೆ ಮಾಡ್ತೀನಿ.

ಒಳಗ ಸೇಠ ಕುರ್ಚಿ ಮ್ಯಾಲ ಕುಂತಿದ್ದ. ದಪ್ಪನ ಒಳ್ಳೇ ಮುಖದ ಮನಷ್ಯಾ, ಸುಳ್ಳು ಯಾಕ ಹೇಳಲಿ. ನನ್ನ ಕೈ ನೋಡಿ ಕಣ್ಣಾಗ ನೀರು ತಗದ. ಫೋಟೋದಾಂವ ಮೂರು ಕಾಲಿನ ಪೆಟಗಿ ಹಿಂದ ಕರಿ ಅರಬಿ ಹೊತಗೊಂಡು ನಿಂತಿದ್ದ. ಡಾಕ್ಟರ್ ಮೂಲ್ಯಾಗ ಕೈ ತೊಳ್ಕೊಳ್ಳಾಕತ್ತಿದ್ದ. ಮುನೀಮ ನನ್ನ ಭುಜ ಹಿಡದು ನಿಲ್ಲಿಸಿದ. "ಎರಡೂ ಕೈ ಮುಂದ ಮಾಡು. ಸುಟ್ಟದ್ದು ಹಂಗೇ ಇರಲಿ. ಚಲೋ ಕೈ ಬಿಚ್ಚು, ಅಂಗೈ ಮ್ಯಾಲ ಮಾಡು. ಹಾಂ, ಇನ್ನ ಜರಾ ಮುಂದ. ಮುಖ ಕೆಳಗ."

ನಾ ಎಡಗೈ ಬಿಚ್ಚಿ ಮುಂದ ಚಾಚಿದೆ. ಚಾಚಿದ ಮ್ಯಾಲ ಅದು ನನ್ನ ಕಣ್ಣಿಗಿ ಬಿತ್ತು. ಅಬ್ಬೆತುಮಕೂರ ಮಠಕ್ಕ ಹೋದಾಗ ಮೆಟ್ಟಲ ಮ್ಯಾಲ ಕುಂತವರು ಹಿಂಗೇ ಒಡ್ಡತಿದ್ರು. ಅಪ್ಪ ಅವರಿಗಿ ಜ್ವಾಳ ಹಾಕತಿದ್ದ. ನಾ ಅಪ್ಪನ ಹೆಗಲ ಮ್ಯಾಲ ಕುಂತು ನೋಡತಿದ್ದೆ.

"ಇದನ್ನ ಯಾರು ಸುಟ್ರು, ಸೇಠಜೀಗ ಹೇಳು," ಅಂದ ಮುನೀಮ. "ಹೇಳವ್ವಾ, ಅಂಜಬ್ಯಾಡ. ಹೊರಗ ಕುಂತಾಳಲ್ಲ, ಅಂಥಾವ್ರು ಸುಟ್ರು ಅನ್ನು."

ಅಲ್ಲಿ ತನಕ ನನ್ನ ಸಿಟ್ಟೆಲ್ಲ ಆಯಿ ಮ್ಯಾಲ ಇತ್ತು. ಈಗ ಅದು ಜಾಗಾ ಬದಲಿ ಮಾಡಿತು. "ಆಕಿ ಸುಟ್ಟಿಲ್ಲ," ಅಂದೆ. "ಆಕಿ ಬಳಿ ಇಡಸ್ತಾಳ. ಸುಟ್ಟವರು ನಿಮ್ಮಂಗೇ ಯಾರು ಯಾರು ಅಂತ ಕೇಳಕೋಂತ ಬಂದಿದ್ರು."

ಮುನೀಮನ ಕೈ ನನ್ನ ಭುಜದ ಮ್ಯಾಲ ಬಿಗಿ ಆತು. ನಾ ಎಡಗೈ ಮುಚ್ಚಿದೆ. ಬಲಗೈ ಹೆಂಗೂ ಮುಚ್ಚಿತ್ತು. ಎರಡೂ ಮುಷ್ಟಿ ಮುಂದ ಹಿಡಕೊಂಡು ನಿಂತೆ. "ಕೈ ಬಿಚ್ಚವ್ವಾ," ಅಂತ ಫೋಟೋದಾಂವ ಅರಬಿ ಒಳಗಿಂದ ಅಂದ. "ಬಿಚ್ಚಲ್ಲ," ಅಂದೆ. "ಮುಖ ಕೆಳಗ ಮಾಡು." "ಮಾಡಲ್ಲ." ಆಂವ ಬ್ಯಾಸರ ಬಂದೋ ಏನೋ, ಹಂಗೇ ಫೋಟೋ ಹೊಡದ. ಆ ಫೋಟೋ ಎಲ್ಲಿ ಹೋತೋ ನನಗ ಗೊತ್ತಿಲ್ಲ. ಯಾರ ಮನ್ಯಾಗರ ಇದ್ರ, ನನ್ನ ಮುಖ ಮ್ಯಾಲೇ ಇರ್ತದ.

ಡಾಕ್ಟರ್ ಕೈ ಒರಸಕೋಂತ ಬಂದ. "ಏನಿದು ಗದ್ದಲ?" ಅಂದ. "ಪಾಳಿ ನಂದಲ್ರಿ," ಅಂದೆ. "ಚಾಚೀದು. ಆಕಿ ಹಗ್ಗ ಇವರು ತಗದು ಒಗದ್ರು." ಡಾಕ್ಟರ್ ಬಾಗಿಲ ತನಕ ಹೋಗಿ ಹೊರಗ ನೋಡಿದ. ಹಗ್ಗ ಇತ್ತು, ಅದರ ಹಿಂದ ಹುಟ್ಟು ಇತ್ತು, ಬಾಜೂಕ ಇಬ್ಬರು ಹೆಂಗಸರು ಕುಂತು ಬೈದಾಡಾಕತ್ತಿದ್ರು. ಹೊಳ್ಳಿ ಬಂದು ನನ್ನ ಮುಂದ ಕುಕ್ಕರಗಾಲಿಲೆ ಕುಂತ.

"ನೋಡು," ಅಂದ. "ನಿದ್ದಿ ಬರಸೂ ಔಷಧ ಭಾಳ ಉಳದಿಲ್ಲ. ಆಕಿ ಕಾಲು ಮಾಡಿದ್ರ ಬಹುತೇಕ ಅದಕ್ಕೇ ಮುಗೀತದ. ನಿಂದು ದೊಡ್ಡ ಕೆಲಸ. ಇನ್ನ ಔಷಧ ಬರಬೇಕಂದ್ರ ಇವರೇ ತರಸಬೇಕು. ತರಸ್ತಾರೋ ಇಲ್ಲೋ, ನನಗ ಗೊತ್ತಿಲ್ಲ. ಈಗ ನೀ ಹೇಳು."

ಅಲ್ಲಿ ತನಕ ನನ್ನ ಯಾರೂ ಕೇಳಿದ್ದಿಲ್ಲ. ಸುಟ್ಟವರು ಕೇಳಿಲ್ಲ, ಕಲ್ಲು ಇಟ್ಟಾಕಿ ಕೇಳಿಲ್ಲ, ಪಾಳಿ ಬಿಟ್ಟಾಕಿ ಕೇಳಿಲ್ಲ. ಕೇಳಿದ ಮೊದಲನೇ ಮನಷ್ಯಾ ಇಂಥಾ ಸುಡಗಾಡು ಮಾತು ಕೇಳಬೇಕಾ? ನಾ ಸೇಠನ ಮುಖ ನೋಡಿದೆ. ಆಂವ ಕರ್ಚೀಪಿನಿಂದ ಮೂಗು ಒರಸ್ಕೊಳ್ಳಾಕತ್ತಿದ್ದ. ಮುನೀಮ ನನ್ನ ಕಡಿ ನೋಡಿ ಕಣ್ಣು ಸಣ್ಣ ಮಾಡಿದ. ಇವತ್ತ ಆಕಿ ಹಗ್ಗ ಒಗದಾಂವ ನಾಳಿ ನನ್ನ ಹುಟ್ಟು ಒಗೀಲಾರದೇ ಇರ್ತಾನೇನು ಅನ್ನಿಸ್ತು.

"ಮೊದಲ ಬಂದವರು ಮೊದಲ," ಅಂದೆ. ಹಲ್ಲು ಕಚ್ಚಿ ಅಂದೆ. ಪುಣ್ಯಕ್ಕಂತ ಅಲ್ಲ, ದೊಡ್ಡ ಮನಸಿಂದಲೂ ಅಲ್ಲ. ಸಿಟ್ಟಿಗಿ ಅಂದೆ.

ಚಾಚೀನ ಎತಗೊಂಡು ಹೋದ್ರು. ಮಧ್ಯಾಹ್ನ ಆಗೂತನಕ ನಾನೂ ಆಯಿನೂ ಹೊರಗ ಕುಂತ್ವಿ. ಕಾಲು ಉಳೀತು ಅಂತ ಒಳಗಿಂದ ಸುದ್ದಿ ಬಂದಾಗ ಆಯಿ, "ಮುಗೀತಲ್ಲ, ಇನ್ನ ಒಲಿ ಕಲ್ಲಿಗಿ ಬರ್ತಾಳ," ಅಂದ್ಳು. ಮುಖ ತಿರುಗಿಸಿ ಕಣ್ಣೊರಸಿಕೊಂಡ್ಳು. ನಾ ನೋಡಿದೆ.

ಮುಂಜಾನೆದ್ದು ನೋಡಿದ್ರ ಗೋದಾಮಿನಾಗ ಪೆಟಗಿ ಕಟ್ಟಾಕತ್ತಿದ್ರು. ಸೇಠ ಹೋಗಿಬಿಟ್ಟಿದ್ದ. ಇಲ್ಲಿ ಮಂದಿಗಿ ಉಪಕಾರದ ಅರಿವಿಲ್ಲ, ಇನ್ನೊಂದು ಊರಿಗಿ ಸಾಮಾನು ಒಯ್ತೀವಿ ಅಂತ ಮುನೀಮ ಹೇಳಿಕೋಂತ ತಿರಗತಿದ್ದ. ಪಾಳ್ಯಾಗ ಉಳಿದವರು ಗೊಳೋ ಅಂದ್ರು. ದೇವಾಪುರದ ಒಬ್ಬ ಮನಷ್ಯಾ ನಮ್ಮ ಆಯಿಗಿ, "ನಿನ್ನಿಂದ ಆತು ಇದು," ಅಂದ. ಆಯಿ ಅವಗ ಏನೂ ಅನ್ನಲಿಲ್ಲ. ಅದೊಂದೇ ಸಲ ಆಕಿ ಬಾಯಿ ಕಟ್ಟಿದ್ದು ನಾ ಕಂಡದ್ದು. ಆ ಮನಷ್ಯಾನ ಸಂಕಟ ಏನು ಸುಳ್ಳಾ? ಅಲ್ಲ. ಆದ್ರ ಪೆಟಗಿ ಕಟ್ಟಿಸಿದಾಂವ ಎದುರಿಗೇ ನಿಂತಿದ್ದ. ಅವಗ ಯಾರೂ ಒಂದು ಮಾತು ಅನ್ನಲಿಲ್ಲ.

ಡಾಕ್ಟರ್ ನನ್ನ ಕರದ. ಅವನ ರೈಲು ಸಂಜಿಗಿ ಇತ್ತು. "ಸೀಸೆದಾಗ ಜರಾ ಉಳದದ," ಅಂದ. "ಚರ್ಮ ಹಚ್ಚೂ ದೊಡ್ಡ ಕೆಲಸ ಆಗಂಗಿಲ್ಲ. ಹೆಬ್ಬಟ್ಟು ಬಿಡಸ್ತೀನಿ, ಬೆರಳು ಒಂದಿಷ್ಟು ಸಡ್ಲ ಮಾಡ್ತೀನಿ. ಅಂಗೈ ನೆಟ್ಟಗ ಎಂದೂ ಬಿಚ್ಚಂಗಿಲ್ಲ. ನಿನಗ ಕೈ ಯಾತಕ್ಕ ಬೇಕು?"

ನಾ ಬಾಯಿ ತಗಿಯೂದ್ರಾಗ ಆಯಿ ಹುಟ್ಟು ತಂದು ಮೇಜಿನ ಮ್ಯಾಲ ಇಟ್ಳು. ಸುಟ್ಟು ಕರ್ರಗಾದ ಕಟಗಿ, ಮಣ್ಣು ಬ್ಯಾರೆ. ಬಾಜೂಕ ನಿಂತ ಕಂಪೌಂಡರ್ ಹೌಹಾರಿದ. ಡಾಕ್ಟರ್ ಹುಟ್ಟಿನ ಹಿಡಿಕಿ ತನ್ನ ಕೈ ಮುಚ್ಚಿ ಹಿಡದು ನೋಡಿದ, ನನ್ನ ಬೆರಳು ನೋಡಿದ, ಮತ್ತ ಹಿಡಿಕಿ ನೋಡಿದ. "ಇಷ್ಟು ಬಿಚ್ಚಿದ್ರ ಸಾಕಾ?" ಅಂದ.

"ಸಾಕ್ರಿ," ಅಂದೆ.

ಎಚ್ಚರ ಆದಾಗ ಕೈ ಉರಿ ಉರಿ. ಹಿಡಿಕಿ ಕಡೀ ತುಂಡು ಕೊಯ್ದು, ಕುದಿಸಿ, ಮ್ಯಾಲ ಹತ್ತಿ ಸುತ್ತಿ, ಅದನ್ನ ನನ್ನ ಮುಷ್ಟ್ಯಾಗ ಹಿಡಿಸಿ ಪಟ್ಟಿ ಕಟ್ಟಿದ್ದ ಪುಣ್ಯಾತ್ಮ. ಗಾಯ ಆ ಅಳತಿಗೇ ಮಾಯಲಿ ಅಂತ. ಬಾಜೂ ಚಾಪಿ ಮ್ಯಾಲ ಚಾಚಿ ಕಾಲಿಗಿ ಪಟ್ಟಿ ಕಟಗೊಂಡು ಬಿದ್ದಿದ್ಳು. ಡಾಕ್ಟರ್ ರೈಲು ಕೂಗಿ ಹೋತು. ನಾ ಒದರಾಕತ್ತಿದ್ದೆ. ಚಾಚಿ, "ಸುಮ್ಮಿರು ಪೋರಿ, ನನ್ನ ಕಾಲೂ ಉರೀತದ. ನಾ ಒದರಾಕತ್ತೀನೇನು?" ಅಂದ್ಳು. ಆಯಿ ಕೇಳಿ, "ನಮ್ಮ ಕೂಸಿಗಿ ಬೈತಿ ಏನ?" ಅಂತ ಸುರು ಮಾಡಿದ್ಳು. ಆ ಜಗಳ ಕೇಳಕೋಂತ ಕೇಳಕೋಂತ ನನಗ ನಿದ್ದಿ ಹತ್ತಿತು.

ಪಟ್ಟಿ ಬಿಚ್ಚಿದ ಮ್ಯಾಲ ಬೆರಳು ಕಟಗಿ ಆಗಿದ್ವು. ಆಯಿ ಹತ್ರ ಬಂದ್ರ ನಾ ಕೈ ಬೆನ್ನ ಹಿಂದ ಇಟಗೋತಿದ್ದೆ. ಚಾಚಿ ಕರದ್ಳು. ಬಳಿ ಇಡಸೂ ಮುಂದ ಹಿಡೀತಾಳಲ್ಲ, ಹಂಗ ನನ್ನ ಕೈ ತನ್ನ ತೊಡಿ ಮ್ಯಾಲ ಇಟಗೊಂಡು, "ಕೈ ಮೆತ್ತಗ ಬಿಡವ್ವಾ, ಬಿಡು, ಅತ್ಲಾಗ ನೋಡು," ಅನಕೋಂತ ಒಂದೊಂದೇ ಬೆರಳು ತಿಕ್ಕಿದ್ಳು. ದಿನಾ ತಿಕ್ಕಿದ್ಳು. ಅದೇ ಔಡಲ ಎಣ್ಣಿ. ಆಯಿ ದೂರ ಕುಂತು ನೋಡತಿದ್ಳು. ಒಂದಿನ ತಾನೇ ಅಂದ್ಳು, "ಕಲ್ಲು ಇಟ್ಟದ್ದು ನಾನು." ಚಾಚಿ ತಲಿ ಎತ್ತದೇ, "ಗೊತ್ತದ, ಊರಿಗೆಲ್ಲ ಗೊತ್ತದ," ಅಂದ್ಳು. ಆಯಿ ಎಣ್ಣಿ ಬಟ್ಟಲ ಆಕಿ ಕಡಿ ಸರಿಸಿದ್ಳು.

ಮಳಿಗಾಲಕ್ಕ ಊರಿಗಿ ಹೋದ್ವಿ. ಕುಲಸ್ಥರು ಕೂಡಿ ಬಿದಿರು ಕೊಟ್ರು, ಚರ್ಮ ಕೊಟ್ರು, ಹೊಸ ಹರಗೋಲು ಎದ್ದಿತು. ಹಿರ್ಯಾರು ಬೇವಿನ ಗಿಡದ ಕೆಳಗ ಕುಂತು ಮೀಸಿ ತಿರುವಿದ್ರು. "ಹೆಣ್ಣು ಹುಡುಗಿ, ಅದ್ರಾಗ ಕೈ ಊನ," ಅಂದ್ರು. "ದಾಟಿಸಿ ತೋರಸ್ತಾಳ," ಅಂದ್ಳು ಆಯಿ. ಹೊಳಿ ಕೆಂಪಗ ಬಂದಿತ್ತು. ನಾ ಹುಟ್ಟು ಹಿಡದೆ. ಕೈ ಅದರ ಸುತ್ತ ಕುಂತಿತು, ಬೀಗದಾಗ ಕೀಲಿ ಕುಂತಂಗ. ನಡು ಹೊಳ್ಯಾಗ ಹರಗೋಲು ಮೂರು ಸುತ್ತು ತಿರುಗಿತು. ಆದ್ರ ಹುಟ್ಟು ಕೈ ಬಿಡಲಿಲ್ಲ. ಆಚಿ ದಂಡಿ ಮುಟ್ಟಿ, ಹೊಳ್ಳಿ ಬಂದೆ. ಹಿರ್ಯಾರು ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ, "ಈ ವರ್ಷ ನೋಡೂನು," ಅಂದ್ರು. ಆ ವರ್ಷ ನೋಡಿದ್ರು, ಮುಂದಿನ ವರ್ಷ ನೋಡಿದ್ರು, ನೋಡಕೋಂತೇ ಸತ್ತು ಹೋದ್ರು. ದಂಡಿ ನಮ್ಮದೇ ಉಳೀತು.

ಆಮ್ಯಾಲ ಕೆಲವು ವರ್ಷ ಹೋದ್ವು. ರಾಜ್ಯ ಬದಲಾತು, ನಮ್ಮ ಸೀಮಿ ಕನ್ನಡದವರ ಕೂಡ ಸೇರ್ತು. ಒಂದು ಸಂತಿ ದಿನ ದಂಡ್ಯಾಗ ಭಾಳ ಮಂದಿ. ಬೇವಿನ ಗಿಡದ ಕೆಳಗ ಸಾಮಾನಿನ ಪಾಳಿ. ಎಲ್ಲಾಕ್ಕಿಂತ ಮುಂದ ಹಸರು ಕೆಂಪು ಬಳಿ ತುಂಬಿದ ಮಲಾರ. ಚಾಚಿ ಕುಂಟತಿದ್ಳು, ಆದ್ರ ಎರಡೂ ಕಾಲ ಮ್ಯಾಲ ಕುಂಟತಿದ್ಳು. ಅಷ್ಟರಾಗ ಬಿಳಿ ಧೋತರ, ಕರಿ ಟೊಪಗಿಯಾಂವ ಒಬ್ಬ ಎತ್ತಿನ ಬಂಡಿ ಇಳದು, ಜಲ್ದಿ ಜಲ್ದಿ ಬಂದು, ಸೀದಾ ನೀರಿಗಿ ಇಳದು ಹರಗೋಲಿಗಿ ಕಾಲು ಹಾಕಿದ. ತಲಿ ನರತಿತ್ತು. ನಾ ಗುರ್ತ ಹಿಡದೆ. ಆಂವ ಹಿಡೀಲಿಲ್ಲ.

"ಇಳೀರಿ," ಅಂದೆ.

"ನನಗ ಅರ್ಜಂಟ್ ಅದವ್ವಾ."

"ಹೆರಿಗಿ ಬ್ಯಾನೀನ? ಇಲ್ಲಂದ್ರ ಇಳೀರಿ. ಪಾಳ್ಯಾಗ ಏನರ ಇಟ್ಟು ಕುಂದರ್ರಿ."

ಮಂದಿ ನಕ್ರು. ಆಂವ ಇಳದ. ಕೈಯಾಗಿನ ಛತ್ರಿ ಪಾಳಿ ಕಡೀಕ ಇಟ್ಟು ಬಿಸಲಾಗ ನಿಂತ. ನಾ ಚಾಚೀನ ದಾಟಿಸಿದೆ, ಸಂತಿಯವರನ್ನ ದಾಟಿಸಿದೆ, ಕುರಿಯವನನ್ನ ದಾಟಿಸಿದೆ. ಛತ್ರಿ ಯಾರೂ ಸರಿಸಲಿಲ್ಲ. ಅದರ ಪಾಳಿ ಬಂತು. ಹತ್ತೂ ಮುಂದ ಹರಗೋಲು ಓಲಾಡಿತು, ಆಂವ ಅಂಜಿ ಅಂಗೈ ಪೂರಾ ಬಿಚ್ಚಿ ನನ್ನ ಕಡಿ ಚಾಚಿದ. ನಾ ಬಲಗೈಲೆ ಅವನ ಕೈ ಹಿಡದು ಗಟ್ಟಿ ಜಗ್ಗಿ ಒಳಗ ತಗೊಂಡೆ. ಆಂವ ನನ್ನ ಕೈ ನೋಡಿದ. ಸುಟ್ಟ ಚರ್ಮ ನೋಡಿದ, ಮುಖ ನೋಡಿದ. ಬಣ್ಣ ಬದಲಾತು.

"ಪೂರಾ ಬಿಚ್ಚಲಿಲ್ಲೇನವ್ವಾ ಅದು?" ಅಂದ ಸಣ್ಣ ದನೀಲೆ.

"ಇಲ್ರಿ. ಬೇಕಾದಷ್ಟು ಬಿಚ್ಚೇದ," ಅಂದೆ. "ನಡುವ ಕುಂದರ್ರಿ. ಅಂಚಿಗಿ ಕುಂತ್ರ ಎಲ್ಲಾರ್ನೂ ಮುಳಗಸ್ತೀರಿ."